ರಾಜ್ಯದ ಸಾಲವೂ ಗೃಹಸ್ಥನ ಸಾಲವೂ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. 'ಸಾಲವೇ ಶೂಲ' ಎಂಬುದು ಅದರ ಜೊತೆಯ ಮಾತು. ಗೃಹಸ್ಥನ ಅರ್ಥನೀತಿಯೆಲ್ಲ ಈ ಎರಡು ಮಾತುಗಳಲ್ಲಿ ಅಡಕವಾಗಿದೆಯೆಂದರೆ ಅತಿಶಯೋಕ್ತಿಯಾಗದು. ಗಳಿಕೆಗೆ ಮೀರಿ ವೆಚ್ಚ ಮಾಡುವವನು ಮೊದಲು ತನ್ನ ಸ್ವಾತಂತ್ರ್ಯವನ್ನೂ, ಬಳಿಕ ತನ್ನ ಮಾತಿನ ಬೆಲೆಯನ್ನೂ ಕಳೆದುಕೊಳ್ಳುತ್ತಾನೆ. ಇದು ಅನುಭವದಿಂದ ಬಂದ ವಿವೇಕ. ಇದೇ ಅಳತೆಗೋಲನ್ನು ನಾವು ರಾಜ್ಯಕ್ಕೂ ಹಿಡಿಯುತ್ತೇವೆ. ಮುಂಗಡಪತ್ರ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ ಕೊರತೆಯ ಅಂಕಿಯನ್ನು ಕಂಡು, ಸರ್ಕಾರವು ನಮ್ಮ ಮೊಮ್ಮಕ್ಕಳ ತಲೆಯ ಮೇಲೆ ಸಾಲ ಹೊರಿಸುತ್ತಿದೆಯೆಂದು ನಿಟ್ಟುಸಿರು ಬಿಡುತ್ತೇವೆ.

ಈ ಅಳತೆಗೋಲೇ ತಪ್ಪೆಂದು ವಾದಿಸುವ ಅರ್ಥಶಾಸ್ತ್ರಜ್ಞರ ಪಂಥವೊಂದು ಕಳೆದ ಮೂರು ದಶಕಗಳಲ್ಲಿ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಬೆಳೆದು ಬಂದಿದೆ. 'ಮಾಡರ್ನ್ ಮಾನಿಟರಿ ಥಿಯರಿ', ಅಂದರೆ ಆಧುನಿಕ ಹಣದ ಸಿದ್ಧಾಂತವೆಂದು ಅದಕ್ಕೆ ಹೆಸರು. ತನ್ನದೇ ನಾಣ್ಯವನ್ನು ಹೊರಡಿಸುವ ರಾಜ್ಯವು ಗೃಹಸ್ಥನಂತಲ್ಲ. ಆ ನಾಣ್ಯದಲ್ಲಿ ಮಾಡಿದ ಸಾಲಕ್ಕಾಗಿ ಅದು ದಿವಾಳಿಯಾಗಬೇಕಾದ ಅನಿವಾರ್ಯತೆಯಿಲ್ಲ. ಹಣವಿದೆಯೇ ಎಂಬುದು ಅದರ ಮುಂದಿರುವ ನಿಜವಾದ ಪ್ರಶ್ನೆಯೇ ಅಲ್ಲ, ಎಂದು ಈ ಪಂಥದ ನಿಲುವು. ಇದನ್ನು ಕೇವಲ ಅರ್ಥಶಾಸ್ತ್ರಿಗಳ ವಾದವೆಂದು ಬದಿಗಿಡುವಂತಿಲ್ಲ. ಇದು ನಿಜವಾದರೆ, ಬಡವನಿಗೆ ಶಾಲೆಯನ್ನೋ ಔಷಧವನ್ನೋ ನಿರಾಕರಿಸುವಾಗ ಸರ್ಕಾರಗಳು ಹೇಳುವ 'ಹಣವಿಲ್ಲ' ಎಂಬ ಮಾತು ಅಸತ್ಯವಾಗುತ್ತದೆ. ಇದು ಸುಳ್ಳಾದರೆ, ಇದನ್ನು ನಂಬಿ ನಡೆಯುವ ಸರ್ಕಾರವು ದುರ್ಬಲರ ಗಂಟನ್ನೇ ಕರಗಿಸುತ್ತದೆ. ಆದುದರಿಂದ ಎರಡೂ ಪಕ್ಷಗಳನ್ನು ಸಾವಧಾನವಾಗಿ ಪರಿಶೀಲಿಸುವುದು ಉಚಿತ.

ಮೊದಲಿಗೆ ಸಾಂಪ್ರದಾಯಿಕ ನೀತಿಯನ್ನು ನೋಡೋಣ. ಅದರ ಪ್ರಕಾರ ಸರ್ಕಾರಕ್ಕೆ ಹಣ ಬರುವ ದಾರಿಗಳು ಮೂರು: ತೆರಿಗೆ, ಸಾಲ, ಮತ್ತು ನೋಟು ಮುದ್ರಣ. ತೆರಿಗೆಗೆ ಜನರ ಸಹನೆಯೇ ಮಿತಿ. ಸಾಲ ಹೆಚ್ಚಾದರೆ ಸರ್ಕಾರವೂ ಉದ್ಯಮಿಯೂ ಒಂದೇ ಉಳಿತಾಯಕ್ಕೆ ಕೈಚಾಚಬೇಕಾಗಿ ಬಂದು ಬಡ್ಡಿ ಏರುತ್ತದೆ. ಮುದ್ರಣ ಹೆಚ್ಚಾದರೆ ಬೆಲೆಗಳು ಏರುತ್ತವೆ. ಹಣದ ಥೈಲಿಯ ಬಾಯನ್ನು ರಾಜಕಾರಣಿಯ ಕೈಗೆ ಬಿಡುವುದು ಅಪಾಯಕರವಾದ್ದರಿಂದ ಕೇಂದ್ರ ಬ್ಯಾಂಕನ್ನು ಸರ್ಕಾರದಿಂದ ಸ್ವಲ್ಪ ದೂರದಲ್ಲಿರಿಸಿ, ಬಡ್ಡಿದರವನ್ನು ಏರಿಸಿ ಇಳಿಸಿ ಬೆಲೆಗಳನ್ನು ಸ್ಥಿರವಾಗಿಡುವ ಹೊಣೆಯನ್ನು ಅದಕ್ಕೆ ಒಪ್ಪಿಸಬೇಕು.

ಈ ನೀತಿಯ ಹಿಂದೆ ಕಹಿಯಾದ ಅನುಭವವಿದೆ. 1944ರ ಬ್ರೆಟನ್ ವುಡ್ಸ್ ಒಪ್ಪಂದದಂತೆ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂಬ ಕಟ್ಟುಪಾಡಿತ್ತು. 1971ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ಅದನ್ನು ಕಡಿದುಹಾಕಿದರು. ಆ ದಶಕದಲ್ಲಿ ತೈಲದ ಬೆಲೆಯೂ ಏರಿ, ಅಮೆರಿಕದಲ್ಲಿ ಹಣದುಬ್ಬರವು 1980ರ ವೇಳೆಗೆ ಶೇ. 14ರ ಆಸುಪಾಸು ಮುಟ್ಟಿತು. 1979ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿ ಬಂದ ಪಾಲ್ ವೋಲ್ಕರ್ ಬಡ್ಡಿದರವನ್ನು ಸುಮಾರು ಶೇ. 20ರವರೆಗೆ ಏರಿಸಿದರು. ಬೆಲೆಗಳು ಹಿಡಿತಕ್ಕೆ ಬಂದವು. ಆದರೆ 1982ರ ಕೊನೆಗೆ ನಿರುದ್ಯೋಗವು ಶೇ. 10.8ಕ್ಕೆ ಏರಿತ್ತು. ಈ ಎರಡು ಅಂಕಿಗಳನ್ನು ಓದುಗರು ನೆನಪಿನಲ್ಲಿರಿಸಿಕೊಳ್ಳಬೇಕೆಂದು ಕೋರುತ್ತೇನೆ. ಇವೆರಡರ ನಡುವಿನ ನಂಟೇ ಮುಂದಿನ ಚರ್ಚೆಯ ತಿರುಳು.

ನಮ್ಮ ದೇಶವೂ ಇದೇ ಹಾದಿಯಲ್ಲಿ ನಡೆದಿದೆ. 1950ರ ದಶಕದಿಂದ ಕೇಂದ್ರ ಸರ್ಕಾರಕ್ಕೆ ಹಣ ಕಡಿಮೆಯಾದಾಗ 'ಅಡ್‌ಹಾಕ್' ಖಜಾನೆ ಹುಂಡಿಗಳನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು ಹೊಸ ಹಣವನ್ನು ಪಡೆಯುವ ಪದ್ಧತಿಯಿತ್ತು. 1997ರಲ್ಲಿ ಅದನ್ನು ನಿಲ್ಲಿಸಲಾಯಿತು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮೂಲಕ, 2006ರ ಏಪ್ರಿಲ್‌ನಿಂದ, ವಿಶೇಷ ಸಂದರ್ಭಗಳನ್ನುಳಿದು, ಸರ್ಕಾರವು ಹೊಸದಾಗಿ ಹೊರಡಿಸುವ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕು ನೇರವಾಗಿ ಕೊಳ್ಳುವುದನ್ನು ನಿಷೇಧಿಸಲಾಯಿತು. 2016ರಲ್ಲಿ ಹಣದುಬ್ಬರವನ್ನು ಶೇ. 4ರ ಸುತ್ತ, ಮೇಲೆ ಕೆಳಗೆ 2ರ ಅಂತರದೊಳಗೆ, ಇರಿಸುವ ಗುರಿಯನ್ನು ರಿಸರ್ವ್ ಬ್ಯಾಂಕಿಗೆ ಕಾನೂನಿನ ಮೂಲಕವೇ ವಿಧಿಸಲಾಯಿತು. ಗೃಹಸ್ಥನ ಗಾದೆಯು ಇಲ್ಲಿ ಶಾಸನದ ರೂಪ ತಾಳಿದೆ.

ಇನ್ನು ಹೊಸ ಪಂಥದ ಮಾತು. ಹೊಸತೆಂದು ಕರೆದರೂ ಇದರ ಬೇರುಗಳು ಹಳೆಯವು. ಹಣವೆಂಬುದು ಚಿನ್ನ ಬೆಳ್ಳಿಗಳ ಮಗುವಲ್ಲ, ರಾಜ್ಯದ ಕಾನೂನಿನ ಸೃಷ್ಟಿಯೆಂದು ಜರ್ಮನಿಯ ಗಿಯೋರ್ಗ್ ಫ್ರೀಡ್ರಿಕ್ ಕ್ನಾಪ್ 1905ರಲ್ಲಿ ವಾದಿಸಿದ್ದರು. ಸರ್ಕಾರದ ಆಯವ್ಯಯವನ್ನು ಸರಿದೂಗಿತೇ ಇಲ್ಲವೇ ಎಂಬುದರಿಂದ ಅಳೆಯದೆ, ಅದು ಸಮಾಜದಲ್ಲಿ ಉಂಟುಮಾಡುವ ಪರಿಣಾಮದಿಂದ ಅಳೆಯಬೇಕೆಂದು ಆಬಾ ಲರ್ನರ್ 1943ರಲ್ಲಿ ಬರೆದರು. 1990ರ ದಶಕದಲ್ಲಿ ವಾರನ್ ಮಾಸ್ಲರ್ ಎಂಬ ಹಣಕಾಸು ಉದ್ಯಮಿ, ಪ್ರಾಧ್ಯಾಪಕ ರಾಂಡಲ್ ರೇ, ಆಸ್ಟ್ರೇಲಿಯದ ಬಿಲ್ ಮಿಚೆಲ್ ಮೊದಲಾದವರು ಈ ಎಳೆಗಳನ್ನು ಒಂದುಗೂಡಿಸಿದರು. 2020ರಲ್ಲಿ ಸ್ಟೆಫನಿ ಕೆಲ್ಟನ್ ಬರೆದ 'ದಿ ಡೆಫಿಸಿಟ್ ಮಿತ್' ಎಂಬ ಗ್ರಂಥವು ಇದನ್ನು ಸಾಮಾನ್ಯ ಓದುಗರ ಬಳಿಗೆ ತಂದಿತು.

ಇವರ ಪ್ರತಿಪಾದನೆಯನ್ನು ನಾಲ್ಕು ಅಂಶಗಳಲ್ಲಿ ಸಂಗ್ರಹಿಸಬಹುದು.

ಒಂದನೆಯದು, ವೆಚ್ಚ ಮತ್ತು ತೆರಿಗೆಗಳ ಕ್ರಮ. ತೆರಿಗೆಯಿಂದ ಹಣ ಕೂಡಿಬಂದ ಮೇಲೆ ಸರ್ಕಾರವು ವೆಚ್ಚ ಮಾಡುತ್ತದೆಯೆಂದು ನಾವು ತಿಳಿಯುತ್ತೇವೆ. ಆದರೆ ರೂಪಾಯಿಯನ್ನು ಹೊರಡಿಸುವ ಹಕ್ಕು ರಾಜ್ಯಕ್ಕೊಂದಕ್ಕೇ ಇರುವಾಗ, ರಾಜ್ಯವು ಮೊದಲು ಕೊಡದ ಹೊರತು ಪ್ರಜೆಯ ಕೈಯಲ್ಲಿ ತೆರಿಗೆ ಕಟ್ಟಲು ರೂಪಾಯಿ ಎಲ್ಲಿಂದ ಬರಬೇಕು? ಮಾಸ್ಲರ್ ಇದಕ್ಕೆ ಒಂದು ದೃಷ್ಟಾಂತ ಹೇಳುತ್ತಾರೆ. ತಂದೆಯೊಬ್ಬನು ಮನೆಗೆಲಸ ಮಾಡಿದ ಮಕ್ಕಳಿಗೆ ತನ್ನ ವಿಸಿಟಿಂಗ್ ಕಾರ್ಡುಗಳನ್ನು ಸಂಬಳವಾಗಿ ಕೊಡುವೆನೆನ್ನುತ್ತಾನೆ. ಆ ಕಾಗದದ ಚೂರು ಯಾರಿಗೆ ಬೇಕು? ಒಬ್ಬರೂ ಕೈಹಚ್ಚುವುದಿಲ್ಲ. ಆಗ ಅವನು, ಮನೆಯಲ್ಲಿರಬೇಕಾದರೆ ಪ್ರತಿಯೊಬ್ಬರೂ ತಿಂಗಳಿಗೆ ಇಂತಿಷ್ಟು ಕಾರ್ಡುಗಳನ್ನು ತನಗೆ ಒಪ್ಪಿಸಬೇಕೆಂದು ಕಟ್ಟಳೆ ಮಾಡುತ್ತಾನೆ. ಆ ಕ್ಷಣದಿಂದ ಕಾರ್ಡುಗಳಿಗೆ ಬೆಲೆ ಬರುತ್ತದೆ. ತಂದೆಗೆ ಕಾರ್ಡುಗಳ ಅಗತ್ಯವಿಲ್ಲ. ಅವನಿಗೆ ಬೇಕಾದದ್ದು ಕೆಲಸ. ತೆರಿಗೆಯ ಮುಖ್ಯ ಪ್ರಯೋಜನವು ಖಜಾನೆ ತುಂಬಿಸುವುದಲ್ಲ, ನಾಣ್ಯಕ್ಕೆ ಬೇಡಿಕೆ ಹುಟ್ಟಿಸುವುದು ಎಂಬುದು ಇದರ ತಾತ್ಪರ್ಯ. ಈ ದೃಷ್ಟಾಂತವು ನಗು ತರಿಸಬಹುದು. ಆದರೆ ಆಫ್ರಿಕದ ವಸಾಹತುಗಳಲ್ಲಿ ಆಳರಸರು ಗುಡಿಸಿಲಿಗಿಷ್ಟೆಂದು ತೆರಿಗೆ ಹೇರಿ, ಅದನ್ನು ತಮ್ಮ ನಾಣ್ಯದಲ್ಲೇ ಕಟ್ಟಬೇಕೆಂದು ವಿಧಿಸಿ, ಸ್ವತಂತ್ರ ರೈತರನ್ನು ತೋಟಗಳಿಗೂ ಗಣಿಗಳಿಗೂ ಕೂಲಿಗಳನ್ನಾಗಿ ಎಳೆದುತಂದದ್ದು ಇತಿಹಾಸ. ಹಣವು ಅಧಿಕಾರದ ಕೂಸೆಂಬುದನ್ನು ಈ ಪಂಥವು ಮರೆಮಾಚುವುದಿಲ್ಲ. ಅಧಿಕಾರವೆಂದ ಮೇಲೆ ಧರ್ಮಾಧರ್ಮದ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ.

ಎರಡನೆಯದು, ಲೆಕ್ಕದ ಎರಡು ಪಕ್ಕಗಳು. ಸರ್ಕಾರವು 100 ರೂಪಾಯಿ ವೆಚ್ಚ ಮಾಡಿ 90 ರೂಪಾಯಿ ತೆರಿಗೆಯಾಗಿ ಹಿಂತೆಗೆದುಕೊಂಡರೆ ಅದರ ಪುಸ್ತಕದಲ್ಲಿ 10 ರೂಪಾಯಿ ಕೊರತೆ. ಆದರೆ ಅದೇ 10 ರೂಪಾಯಿ ಬೇರೆ ಯಾರದೋ ಕೈಯಲ್ಲಿ ಉಳಿದಿರಲೇಬೇಕು: ಸ್ವದೇಶದ ಪ್ರಜೆಗಳಲ್ಲಿ, ಇಲ್ಲವೇ ನಮಗೆ ಸರಕು ಮಾರಿದ ಪರದೇಶದವರಲ್ಲಿ. ಜಮಾ ಖರ್ಚು ಬರೆಯಬಲ್ಲ ಯಾವ ವ್ಯಾಪಾರಿಗೂ ಇದು ಒಗಟಲ್ಲ. ಸರ್ಕಾರದ ಸಾಲಪತ್ರವು ಸರ್ಕಾರಕ್ಕೆ ಹೊಣೆ. ಅದನ್ನು ಕೊಂಡವನಿಗೆ ಆಸ್ತಿ. 1998ರಿಂದ 2001ರವರೆಗೆ ಅಮೆರಿಕದ ಸರ್ಕಾರವು ಉಳಿತಾಯದ ಮುಂಗಡಪತ್ರ ನಡೆಸಿ ಹೆಮ್ಮೆಪಟ್ಟಿತು. ಅದೇ ಅವಧಿಯಲ್ಲಿ ಖಾಸಗಿ ಕುಟುಂಬಗಳೂ ಸಂಸ್ಥೆಗಳೂ ಸಾಲದಲ್ಲಿ ಮುಳುಗುತ್ತಿದ್ದವೆಂದೂ, ಇದು ಬಹುಕಾಲ ನಡೆಯದೆಂದೂ ವಿನ್ ಗಾಡ್ಲಿ ಎಂಬ ಅರ್ಥಶಾಸ್ತ್ರಜ್ಞರು 1999ರಲ್ಲಿಯೇ ಎಚ್ಚರಿಸಿದ್ದರು. 2001ರಲ್ಲಿ ಆರ್ಥಿಕ ಹಿಂಜರಿತ ಬಂದಿತು.

ಮೂರನೆಯದು, ಮಿತಿಯ ಸ್ವರೂಪ. ಜಪಾನ್ ಸರ್ಕಾರದ ಒಟ್ಟು ಸಾಲವು ಆ ದೇಶದ ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗೂ ಹೆಚ್ಚು. ಆದರೂ ದೀರ್ಘಕಾಲ ಅಲ್ಲಿ ಬಡ್ಡಿಯು ಸೊನ್ನೆಯ ಸಮೀಪದಲ್ಲೇ ಇತ್ತು, ದಿವಾಳಿಯ ಮಾತೇ ಬರಲಿಲ್ಲ. ಗ್ರೀಸ್ ದೇಶವಾದರೋ ಅದಕ್ಕಿಂತ ಎಷ್ಟೋ ಕಡಿಮೆ ಅನುಪಾತದ ಸಾಲದಲ್ಲಿಯೇ 2010ರಲ್ಲಿ ಕುಸಿಯಿತು. ವ್ಯತ್ಯಾಸವೆಂದರೆ, ಜಪಾನಿನ ಸಾಲ ಅದರದೇ ಯೆನ್ ನಾಣ್ಯದಲ್ಲಿದೆ. ಗ್ರೀಸ್ 2001ರಲ್ಲಿ ತನ್ನ ದ್ರಾಕ್ಮಾವನ್ನು ಬಿಟ್ಟು, ತಾನು ಹೊರಡಿಸಲಾರದ ಯೂರೋವನ್ನು ಸ್ವೀಕರಿಸಿತ್ತು. ಆದ್ದರಿಂದ ಸ್ವಂತ ನಾಣ್ಯವುಳ್ಳ ರಾಜ್ಯಕ್ಕೆ ಹಣ ಮಿತಿಯಲ್ಲ. ದುಡಿಯುವ ಕೈ, ಉಳುವ ನೆಲ, ನೀರು, ಯಂತ್ರ, ವಿದ್ಯೆ ಇವೇ ಮಿತಿ. ಇವು ಒದಗಿಸಬಲ್ಲುದಕ್ಕಿಂತ ಹೆಚ್ಚನ್ನು ಹಣದಿಂದ ಕೊಳ್ಳಹೊರಟಾಗ ಬೆಲೆಗಳು ಏರುತ್ತವೆ. ಹಣದುಬ್ಬರವೇ ಎಲ್ಲೆಯ ಕಲ್ಲು.

ನಾಲ್ಕನೆಯದು, ಉದ್ಯೋಗದ ಖಾತರಿ. ದುಡಿಯಲು ಸಿದ್ಧನಿರುವ ಯಾರಿಗೇ ಆಗಲಿ ನಿಗದಿತ ಕನಿಷ್ಠ ವೇತನದಲ್ಲಿ ಸರ್ಕಾರವು ಕೆಲಸ ಕೊಡಬೇಕು. ಖಾಸಗಿ ಉದ್ಯಮ ಕುಗ್ಗಿದಾಗ ಜನ ಇತ್ತ ಬರುತ್ತಾರೆ, ಹಿಗ್ಗಿದಾಗ ಅತ್ತ ಹೋಗುತ್ತಾರೆ. ಹೀಗೆ ಬೆಲೆಗಳನ್ನು ಕಾಯುವ ಭಾರವನ್ನು ನಿರುದ್ಯೋಗಿಗಳ ಬದಲು ಉದ್ಯೋಗಿಗಳ ಒಂದು ಪಡೆಯು ಹೊರುತ್ತದೆ. 2002ರ ಬಿಕ್ಕಟ್ಟಿನಲ್ಲಿ ಅರ್ಜೆಂಟೀನ ದೇಶವು ನಿರುದ್ಯೋಗಿ ಕುಟುಂಬಗಳ ಮುಖ್ಯಸ್ಥರಿಗಾಗಿ ಇದನ್ನು ಹೋಲುವ ಯೋಜನೆಯನ್ನು ನಡೆಸಿತು. ನಮ್ಮಲ್ಲಿ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಹಳ್ಳಿಯ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕನ್ನು ಕೊಟ್ಟಿತು. ಅದು ಈ ಸಿದ್ಧಾಂತದಿಂದ ಹುಟ್ಟಿದ್ದಲ್ಲ, ನಗರಗಳಿಗೆ ಅನ್ವಯಿಸುತ್ತಲೂ ಇರಲಿಲ್ಲ. ಆದರೂ ಈ ಪಂಥದವರು ಅದನ್ನು ಉದಾಹರಿಸುವುದುಂಟು. ಕೂಲಿಯ ಪಾವತಿ ತಡವಾಗುತ್ತಿದ್ದ ಆ ಯೋಜನೆಯ ಅನುಭವವು, ಹಣವನ್ನು ಮಂಜೂರು ಮಾಡುವುದು ಬೇರೆ, ಕೊಟ್ಟ ಮಾತನ್ನು ಹಳ್ಳಿಯ ಕೊನೆಯ ಮನೆಯವರೆಗೆ ಮುಟ್ಟಿಸುವ ಆಡಳಿತವೇ ಬೇರೆ ಎಂಬುದನ್ನೂ ಕಲಿಸಿತು.

ಎರಡು ನೀತಿಗಳ ಅಂತರವು ಈಗ ಸ್ಪಷ್ಟವಾಗುತ್ತದೆ. ಹಳೆಯ ನೀತಿಯಲ್ಲಿ ಬೆಲೆಗಳ ಕಾವಲುಗಾರ ಕೇಂದ್ರ ಬ್ಯಾಂಕು, ಆಯುಧ ಬಡ್ಡಿದರ. ಹೊಸ ನೀತಿಯಲ್ಲಿ ಕಾವಲುಗಾರ ಶಾಸನಸಭೆ, ಆಯುಧ ವೆಚ್ಚ ಮತ್ತು ತೆರಿಗೆ. ಹಳೆಯ ನೀತಿಯು ಕೊರತೆಯನ್ನೇ ದೋಷವೆಂದು ಶಂಕಿಸುತ್ತದೆ. ಹೊಸದು ಬೆಲೆ ಏರಿಕೆಯನ್ನೂ ನಿರುದ್ಯೋಗವನ್ನೂ ಮಾತ್ರ ದೋಷವೆನ್ನುತ್ತದೆ.

ಇನ್ನು ನೈತಿಕ ವಿಚಾರಕ್ಕೆ ಬರೋಣ.

ಮೊದಲನೆಯ ಪ್ರಶ್ನೆ ಸತ್ಯಕ್ಕೆ ಸಂಬಂಧಿಸಿದ್ದು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿಯತೊಡಗಿದಾಗ ಅಲ್ಲಿನ ಸಂಸತ್ತು ಕೆಲವೇ ವಾರಗಳಲ್ಲಿ 70,000 ಕೋಟಿ ಡಾಲರ್‌ಗಳ ರಕ್ಷಣಾ ನಿಧಿಗೆ ಒಪ್ಪಿಗೆಯಿತ್ತಿತು. 2020ರ ಮಾರ್ಚ್‌ನಲ್ಲಿ ಮಹಾಮಾರಿಯ ಪರಿಹಾರಕ್ಕೆ ಸುಮಾರು 2.2 ಲಕ್ಷ ಕೋಟಿ ಡಾಲರ್ ಮಂಜೂರಾಯಿತು. ಅದಕ್ಕೆ ಮುಂಚಿನ ದಿನದವರೆಗೂ ಬಡವರ ಚಿಕಿತ್ಸೆಗೆ ಹಣವಿಲ್ಲವೆನ್ನಲಾಗುತ್ತಿತ್ತು. ಬೇಕಾದವರಿಗೆ ಬೇಕಾದಾಗ ದೊರೆಯುವ ಹಣವು ಬೇಡದವರಿಗೆ ಮಾತ್ರ ಇಲ್ಲವಾಗುವುದಾದರೆ, 'ಇಲ್ಲ' ಎಂಬುದು ವಸ್ತುಸ್ಥಿತಿಯ ವರ್ಣನೆಯಲ್ಲ, ಆಯ್ಕೆಯ ಮುಸುಕು. 'ಕೊಡಲಾರೆವು' ಎನ್ನುವುದಕ್ಕೂ 'ಕೊಡಲೊಲ್ಲೆವು' ಎನ್ನುವುದಕ್ಕೂ ಇರುವ ಅಂತರ ಸಣ್ಣದಲ್ಲ. ಎರಡನೆಯದನ್ನು ಹೇಳುವವನು ಕಾರಣ ಕೊಡಬೇಕಾಗುತ್ತದೆ. ಈ ಸಿದ್ಧಾಂತದ ಅತಿ ದೊಡ್ಡ ಉಪಕಾರವೆಂದರೆ ಆಳುವವರಿಂದ ಆ ಕಾರಣವನ್ನು ಕೇಳುವ ಅಧಿಕಾರವನ್ನು ಪ್ರಜೆಗೆ ಕೊಟ್ಟದ್ದು.

ಎರಡನೆಯ ಪ್ರಶ್ನೆ ಇನ್ನೂ ಗಹನವಾದುದು. ಬಡ್ಡಿ ಏರಿಸಿದರೆ ಬೆಲೆ ಇಳಿಯುವುದು ಯಾವ ಮಾಯೆಯಿಂದಲ್ಲ. ಸಾಲ ದುಬಾರಿಯಾಗುತ್ತದೆ, ಕಟ್ಟಡಗಳು ಅರ್ಧಕ್ಕೆ ನಿಲ್ಲುತ್ತವೆ, ಕಾರ್ಖಾನೆಗಳು ಒಂದು ಪಾಳಿಯನ್ನು ಮುಚ್ಚುತ್ತವೆ, ಒಂದಷ್ಟು ಮಂದಿ ಕೆಲಸ ಕಳೆದುಕೊಳ್ಳುತ್ತಾರೆ. ಯಾರೂ ಅವರನ್ನು ಹೆಸರು ಹಿಡಿದು ಆರಿಸುವುದಿಲ್ಲ. ಆದರೂ ಕೊನೆಯಲ್ಲಿ ನೇಮಕಗೊಂಡವರು, ಕಡಿಮೆ ಓದಿದವರು, ದಿನಗೂಲಿಯವರು ಇವರೇ ಮೊದಲು ಬೀದಿಗೆ ಬೀಳುತ್ತಾರೆ. 1982ರ ಶೇ. 10.8 ಎಂಬ ಅಂಕಿಯ ಹಿಂದೆ ಇದ್ದವರು ಇಂಥವರು. ಒಬ್ಬನ ಠೇವಣಿಯ ಬೆಲೆಯನ್ನು ಕಾಯಲು ಇನ್ನೊಬ್ಬನ ಒಲೆಯನ್ನು ಆರಿಸುವುದು ನ್ಯಾಯವೇ? ಉದ್ದೇಶಪೂರ್ವಕವಾಗಿ ನೋಯಿಸಲಿಲ್ಲವೆಂಬ ಸಮಾಧಾನ ಸಾಲದು. ನೋವು ತಿಳಿದಿದ್ದೂ ಅದನ್ನು ಉಪಾಯವನ್ನಾಗಿ ಬಳಸಿದವನಿಗೆ ಹೊಣೆ ತಪ್ಪದು. ಠೇವಣಿಯ ಬಡ್ಡಿಯಿಂದ ನಡೆಯುವ ಕುಟುಂಬಗಳೂ ಟ್ರಸ್ಟುಗಳೂ ಈ ಪ್ರಶ್ನೆಯಿಂದ ಮುಖ ತಿರುಗಿಸುವಂತಿಲ್ಲ. ಏಕೆಂದರೆ ಇಲ್ಲಿ ಫಲಾನುಭವಿಗಳು ನಾವೇ.

ಆದರೆ ಹಳೆಯ ನೀತಿಯ ಪರವಾಗಿಯೂ ಗಟ್ಟಿಯಾದ ನೈತಿಕ ವಾದವಿದೆ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ ಸುಮಾರು 12 ವರ್ಷಗಳಲ್ಲಿ ಬೆಲೆಗಳು ಇಮ್ಮಡಿಯಾಗುತ್ತವೆ. ಬಸದಿಯೊಂದರ ನಿತ್ಯಪೂಜೆಗೆಂದು, ಇಲ್ಲವೇ ಬಡ ವಿದ್ಯಾರ್ಥಿಗಳ ಊಟಕ್ಕೆಂದು ಒಬ್ಬ ದಾನಿಯು ಶಾಶ್ವತ ನಿಧಿಯನ್ನಿಟ್ಟಿದ್ದಾನೆಂದುಕೊಳ್ಳೋಣ. ಅಸಲು ಹಾಗೆಯೇ ಇದೆ, ಬಡ್ಡಿಯೂ ತಪ್ಪದೆ ಬರುತ್ತಿದೆ, ಲೆಕ್ಕಪತ್ರದಲ್ಲಿ ದೋಷವಿಲ್ಲ. ಆದರೆ 12 ವರ್ಷಗಳ ಬಳಿಕ ಅದೇ ಬಡ್ಡಿಗೆ ಅರ್ಧ ಎಣ್ಣೆ, ಅರ್ಧ ಅಕ್ಕಿ. ದಾನಿ ಮಾತಿಗೆ ತಪ್ಪಲಿಲ್ಲ, ಧರ್ಮದರ್ಶಿಗಳು ತಪ್ಪಲಿಲ್ಲ, ಬ್ಯಾಂಕೂ ತಪ್ಪಲಿಲ್ಲ. ಆದರೂ ಸಂಕಲ್ಪದ ಅರ್ಧ ಭಾಗ ಕಾಣೆಯಾಯಿತು. ಉಳ್ಳವನು ಹೊಲವನ್ನೋ ಚಿನ್ನವನ್ನೋ ಕೊಂಡು ಪಾರಾಗುತ್ತಾನೆ. ಕೈಯಲ್ಲಿ ನಗದನ್ನಷ್ಟೇ ಇಟ್ಟುಕೊಂಡ ವಿಧವೆಯೂ, ನಿಗದಿತ ಪಿಂಚಣಿಯ ಮುದುಕನೂ, ಬೆಲೆಯ ಹಿಂದೆ ಕೂಲಿ ಕುಂಟುತ್ತ ಬರುವ ಶ್ರಮಿಕನೂ ಪಾರಾಗುವುದಿಲ್ಲ. ಇದು ಯಾವ ಶಾಸನಸಭೆಯೂ ಮತ ಹಾಕದ ತೆರಿಗೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೆ ಏನು ಹೆಸರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ತಿಳಿಸಬೇಕಾಗಿಲ್ಲ.

ಮೂರನೆಯ ಪ್ರಶ್ನೆ ಸಂಯಮದ್ದು. ಬೆಲೆ ಏರಿದಾಗ ತೆರಿಗೆ ಹೆಚ್ಚಿಸಿ, ವೆಚ್ಚ ತಗ್ಗಿಸಿ ಹಿಡಿತಕ್ಕೆ ತರಬಹುದೆಂದು ಹೊಸ ಪಂಥ ಹೇಳುತ್ತದೆ. ಕಾಗದದ ಮೇಲೆ ಇದು ಸರಿ. ಆದರೆ ಚುನಾವಣೆಯ ಹೊಸ್ತಿಲಲ್ಲಿ ನಿಂತ ಯಾವ ಸರ್ಕಾರ, ಬೆಲೆ ಏರಿಕೆಯಿಂದ ಆಗಲೇ ಬಳಲಿದ ಜನರ ಮೇಲೆ ಹೊಸ ತೆರಿಗೆ ಹಾಕುತ್ತದೆ? ಅಮೆರಿಕದ ಇತ್ತೀಚಿನ ಅನುಭವ ಗಮನಾರ್ಹ. 2020ರ ವೆಚ್ಚದ ಮೇಲೆ 2021ರ ಮಾರ್ಚ್‌ನಲ್ಲಿ ಇನ್ನೂ 1.9 ಲಕ್ಷ ಕೋಟಿ ಡಾಲರ್‌ಗಳ ಯೋಜನೆ ಬಂದಿತು. ಇದು ಅತಿಯಾಯಿತೆಂದು ಲಾರೆನ್ಸ್ ಸಮ್ಮರ್ಸ್ ಮೊದಲಾದವರು ಆಗಲೇ ಎಚ್ಚರಿಸಿದರು. 2022ರ ಜೂನ್‌ನಲ್ಲಿ ಹಣದುಬ್ಬರ ಶೇ. 9.1 ತಲುಪಿತು. ಸರಕು ಸಾಗಣೆಯ ಅಡಚಣೆ, ಉಕ್ರೇನಿನ ಯುದ್ಧ, ಇಂಧನದ ಬೆಲೆ ಇವೇ ಕಾರಣಗಳೆಂದು ಹೊಸ ಪಂಥದವರು ಉತ್ತರಿಸಿದರು, ಅದರಲ್ಲೂ ಸತ್ಯಾಂಶವಿದೆ. ಆದರೆ ಬೆಲೆಗಳನ್ನು ತಗ್ಗಿಸಲು ಅಲ್ಲಿ ಮುಖ್ಯವಾಗಿ ಬಳಕೆಯಾದ ಆಯುಧ ತೆರಿಗೆಯಲ್ಲ, ಹಳೆಯ ಬಡ್ಡಿದರವೇ. ಸೊನ್ನೆಯ ಸಮೀಪದಲ್ಲಿದ್ದ ದರವು 2023ರ ಜುಲೈ ವೇಳೆಗೆ ಶೇ. 5.25ರಿಂದ 5.5ರ ಮಟ್ಟಕ್ಕೆ ಏರಿತು. ಇನ್ನೊಂದು ಪಕ್ಕವನ್ನೂ ಹೇಳಬೇಕು: 2023ರ ಉದ್ದಕ್ಕೂ ಅಲ್ಲಿ ನಿರುದ್ಯೋಗವು ಶೇ. 4ರ ಒಳಗೇ ಇದ್ದು, ಹಣದುಬ್ಬರವು ತಗ್ಗುತ್ತ ಬಂದಿತು. ಬೆಲೆ ಇಳಿಯಬೇಕಾದರೆ ಲಕ್ಷಾಂತರ ಜನ ಕೆಲಸ ಕಳೆದುಕೊಳ್ಳಲೇಬೇಕೆಂದು ಖಚಿತವಾಗಿ ನುಡಿದಿದ್ದ ಹಳೆಯ ಪಂಥದವರ ಭವಿಷ್ಯವಾಣಿಯೂ ಹುಸಿಯಾಯಿತು. ಇಬ್ಬರೂ ವಿನಯ ಕಲಿಯಬೇಕಾದ ಪ್ರಸಂಗವಿದು.

ನಾಲ್ಕನೆಯದಾಗಿ, ಎಲ್ಲ ರಾಜ್ಯಗಳೂ ಸಮಾನ ಸ್ಥಿತಿಯಲ್ಲಿಲ್ಲ. ನಮ್ಮ ಸರ್ಕಾರವು ರೂಪಾಯಿಯನ್ನು ಹೊರಡಿಸಬಲ್ಲುದು, ಡಾಲರನ್ನಲ್ಲ. ತೈಲವನ್ನು ಹೊರದೇಶಗಳಿಂದ ತರಿಸಿಕೊಳ್ಳಲು ಬೇಕಾದದ್ದು ಡಾಲರು. 1991ರಲ್ಲಿ ವಿದೇಶಿ ವಿನಿಮಯವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಾದಾಗ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಡಬೇಕಾಯಿತು. ಮನೆಯ ಒಡವೆಯನ್ನು ಅಡವಿಟ್ಟ ಸಂಕಟವನ್ನು ಇಡೀ ದೇಶ ಅನುಭವಿಸಿತು. ಶ್ರೀಲಂಕಾದಲ್ಲಿ 2019ರ ಕೊನೆಯಲ್ಲಿ ತೆರಿಗೆಗಳನ್ನು ಕಡಿತಗೊಳಿಸಿ, ಬಳಿಕ ಕೇಂದ್ರ ಬ್ಯಾಂಕಿನ ಹಣದಿಂದ ಕೊರತೆ ತುಂಬಿಸಲಾಯಿತು. ವಿದೇಶಿ ವಿನಿಮಯ ಬರಿದಾಗಿ 2022ರ ಏಪ್ರಿಲ್‌ನಲ್ಲಿ ಆ ದೇಶವು ಹೊರಸಾಲದ ಮರುಪಾವತಿಯನ್ನು ನಿಲ್ಲಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಹಣದುಬ್ಬರ ಸುಮಾರು ಶೇ. 70 ಮುಟ್ಟಿತು. ಪರನಾಣ್ಯದ ಸಾಲಕ್ಕೆ ತಮ್ಮ ಮಾತು ಅನ್ವಯಿಸದೆಂದು ಹೊಸ ಪಂಥದವರೇ ಒಪ್ಪುತ್ತಾರೆ. ಆದರೆ ಲೋಕದ ಬಹುಪಾಲು ಬಡ ದೇಶಗಳು ಪರನಾಣ್ಯಕ್ಕೆ ಅಧೀನವಾಗಿಯೇ ಇರುವುದರಿಂದ ಈ ಸಿದ್ಧಾಂತವು ಬಲಾಢ್ಯನ ಮನೆಯಲ್ಲಿ ಹುಟ್ಟಿದ ಶಾಸ್ತ್ರವೆಂಬುದನ್ನು ಮರೆಯಬಾರದು.

ಕೊನೆಯದಾಗಿ, ಮೊಮ್ಮಕ್ಕಳ ತಲೆಯ ಮೇಲಿನ ಸಾಲ. ಸರ್ಕಾರವು ತನ್ನ ಪ್ರಜೆಗಳಿಗೇ ತನ್ನ ನಾಣ್ಯದಲ್ಲಿಯೇ ಋಣಿಯಾಗಿದ್ದರೆ, ಮುಂದಿನ ಪೀಳಿಗೆಯು ಋಣವನ್ನೂ ಪಡೆಯುತ್ತದೆ, ಋಣಪತ್ರವನ್ನೂ ಪಡೆಯುತ್ತದೆ. ಆದರೆ ಇವೆರಡೂ ಒಂದೇ ಮನೆಗೆ ಬರುವುದಿಲ್ಲ. ಉಳ್ಳವರ ಮಕ್ಕಳಿಗೆ ಪತ್ರ, ಇಲ್ಲದವರ ಮಕ್ಕಳಿಗೆ ತೆರಿಗೆ ಎಂದಾದೀತು. 2024ರ ಹಣಕಾಸು ವರ್ಷದಲ್ಲಿ ಅಮೆರಿಕದ ಸರ್ಕಾರವು ಬಡ್ಡಿಗೆ ವೆಚ್ಚ ಮಾಡಿದ ಮೊತ್ತ ರಕ್ಷಣಾ ವೆಚ್ಚವನ್ನೂ ಮೀರಿತು; ಆ ಬಡ್ಡಿ ಸೇರುವುದು ಆಗಲೇ ಹಣವುಳ್ಳವರಿಗೆ. ಹಾಗಾಗಿ ಸಾಲದ ಗಾತ್ರಕ್ಕಿಂತ ಅದರ ಹಂಚಿಕೆಯನ್ನು ವಿಚಾರಿಸುವುದು ಹೆಚ್ಚು ಧರ್ಮಸಮ್ಮತ. ಇದಕ್ಕೂ ಮಿಗಿಲಾದ ಋಣ ಬೇರೊಂದಿದೆ. ಬತ್ತಿಸಿದ ಅಂತರ್ಜಲ, ಕಡಿದ ಕಾಡು, ಓದದೆ ಉಳಿದ ಮಗು ಇವನ್ನು ಯಾವ ಉಳಿತಾಯದ ಮುಂಗಡಪತ್ರವೂ ಮರಳಿ ತರದು. ಹಾಗೆಯೇ ಕೆಲಸವಿಲ್ಲದೆ ಕಳೆದ ದಿನವನ್ನು ಯಾರೂ ನಾಳೆಗೆಂದು ಕೂಡಿಡಲಾರರು. ಲೆಕ್ಕಪುಸ್ತಕವನ್ನು ಶುದ್ಧವಾಗಿಟ್ಟು ಇವನ್ನೆಲ್ಲ ಹಾಳುಮಾಡಿದ ರಾಜ್ಯವು ಮಿತವ್ಯಯಿಯಲ್ಲ. ಹಣವನ್ನು ಸುರಿದು ಇವನ್ನು ಹಾಳುಮಾಡಿದ ರಾಜ್ಯವು ಉದಾರಿಯೂ ಅಲ್ಲ.

ಹಾಗಾದರೆ ಗಾದೆಯನ್ನು ತೊರೆಯಬೇಕೆ? ಬೇಕಾಗಿಲ್ಲ. ಹಾಸಿಗೆ ಯಾವುದೆಂಬುದನ್ನು ಸರಿಯಾಗಿ ಗುರುತಿಸಿದರೆ ಸಾಕು. ಗೃಹಸ್ಥನಿಗೂ, ಬಸದಿಯ ಟ್ರಸ್ಟಿಗೂ, ಪಂಚಾಯಿತಿಗೂ ಹಾಸಿಗೆಯೆಂದರೆ ಹಣವೇ. ಏಕೆಂದರೆ ಅವರಾರೂ ಹಣವನ್ನು ಸೃಷ್ಟಿಸಲಾರರು. ಕರ್ನಾಟಕ ಸರ್ಕಾರವೂ ಈ ಸಾಲಿನಲ್ಲೇ ನಿಲ್ಲುತ್ತದೆ. ರೂಪಾಯಿ ಹೊರಡಿಸುವ ಹಕ್ಕು ಅದಕ್ಕಿಲ್ಲ. ಆದುದರಿಂದ 2002ರಲ್ಲಿಯೇ, ಕೇಂದ್ರಕ್ಕಿಂತ ಮೊದಲು, ಅದು ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಮಾಡಿಕೊಂಡದ್ದು ಹೊಸ ಪಂಥದ ದೃಷ್ಟಿಯಿಂದಲೂ ತಪ್ಪಾಗದು. ನಾಣ್ಯವನ್ನು ಹೊರಡಿಸುವ ಕೇಂದ್ರ ಸರ್ಕಾರಕ್ಕೆ ಮಾತ್ರ ಹಾಸಿಗೆಯೆಂದರೆ ಜನರ ದುಡಿಮೆ, ನೆಲ, ಜಲ, ಮತ್ತು ಪರದೇಶಗಳಿಂದ ಕೊಳ್ಳಬಲ್ಲ ಶಕ್ತಿ. ಕಾಲು ಚಾಚುವ ಮಿತಿ ಅದಕ್ಕೂ ಉಂಟು; ಆದರೆ ಅದನ್ನು ರೂಪಾಯಿಯ ಅಂಕಿಯಲ್ಲಿ ಹುಡುಕಿದರೆ ಸಿಗದು.

ಆದಕಾರಣ ಮುಂದೆ ಮುಂಗಡಪತ್ರವನ್ನು ಓದುವಾಗ ಕೊರತೆ ಎಷ್ಟೆಂದು ಕೇಳಿ ಸುಮ್ಮನಾಗದೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು. ಈ ವೆಚ್ಚಕ್ಕೆ ಬೇಕಾದ ಕೈಗಳೂ ಸಾಮಗ್ರಿಯೂ ದೇಶದಲ್ಲಿ ಬಿಡುವಾಗಿವೆಯೇ, ಇಲ್ಲವೇ ಬೇರೊಬ್ಬರ ಕೈಯಿಂದ ಕಸಿಯಬೇಕೇ? ಬೆಲೆ ಏರಿದರೆ ವೆಚ್ಚಕ್ಕೆ ಕಡಿವಾಣ ಹಾಕುವವರು ಯಾರು, ಹೇಗೆ, ಎಂಬುದನ್ನು ಮೊದಲೇ ಹೇಳಲಾಗಿದೆಯೇ? ಬೆಲೆಗಳನ್ನು ಸ್ಥಿರವಾಗಿಡುವ ಭಾರವನ್ನು ಕೊನೆಗೆ ಹೊರುವವರು ಯಾರು? ಮೊದಲ ಪ್ರಶ್ನೆಯನ್ನು ಕೇಳಲು ಹೊಸ ಪಂಥ ನಮಗೆ ಕಲಿಸಿದೆ. ಎರಡನೆಯದನ್ನು ಹಳೆಯ ಪಂಥ ಕಲಿಸಿದೆ. ಮೂರನೆಯದನ್ನು ಎರಡು ಪಂಥಗಳಿಗೂ ನಾವೇ ಕೇಳಬೇಕು. ಸರ್ಕಾರವು ಅದಕ್ಕೆ ಕೊಡುವ ಉತ್ತರದಿಂದ ಅದರ ಅರ್ಥನೀತಿ ನ್ಯಾಯದ್ದೋ ಅನ್ಯಾಯದ್ದೋ ಎಂಬುದು ತಿಳಿಯುತ್ತದೆ. ಬರೀ ಕೊರತೆಯ ಅಂಕಿಯಿಂದ ಅದು ತಿಳಿಯುವುದಿಲ್ಲ.